ಕೂಸಿನ ಬಾಯಿಗೆ ನಿಪ್ಪಲ್: ಗಂಗಾವತಿಯ ತಾಯಿಗೆ ಉತ್ತರ

ಪ್ರಶ್ನೆ: "ಡಾಕ್ಟ್ರೇ, ನಮಸ್ಕಾರ. ಹೆರಿಗೆಗೆ ಅಂತ ತವರುಮನೆ ಗಂಗಾವತಿಗೆ ಬಂದಿದ್ದೇನೆ. ಮೊದಲ ಕೂಸು, ಹೆಣ್ಣು. ಈಗ 7 ವಾರ ತುಂಬಿದೆ. ಹುಟ್ಟಿದಾಗ 2.9 ಕೆ.ಜಿ. ಇದ್ದಳು, ಮೊನ್ನೆ ತೂಗಿಸಿದಾಗ 4.2 ಕೆ.ಜಿ. ಬಂತು. ಎದೆಹಾಲು ಬಿಟ್ಟು ಬೇರೆ ಏನೂ ಕೊಟ್ಟಿಲ್ಲ. ಹಗಲೆಲ್ಲ ಚೆನ್ನಾಗಿರುತ್ತಾಳೆ. ಸಂಜೆ 6ರಿಂದ ರಾತ್ರಿ 10ರ ತನಕ ಮಾತ್ರ ನನ್ನನ್ನು ಬಿಡುವುದೇ ಇಲ್ಲ, ಅರ್ಧ ಗಂಟೆಗೊಮ್ಮೆ ಎದೆ ಬೇಕು. ಕುಡಿಯುತ್ತಾಳೋ ಸುಮ್ನೆ ಚೀಪುತ್ತಾಳೋ ತಿಳಿಯುವುದಿಲ್ಲ. ಬಲಗಡೆಯ ತೊಟ್ಟು ಸೀಳಿದೆ, ಕುಡಿಸುವಾಗ ಕಣ್ಣಲ್ಲಿ ನೀರು ಬರುತ್ತದೆ. ಬೆಂಗಳೂರಿನಿಂದ ನಮ್ಮ ನಾದಿನಿ ಪ್ಯಾಸಿಫೈಯರ್, ಅಂದರೆ ಕೂಸು ಸುಮ್ನೆ ಚೀಪುವ ರಬ್ಬರ್ ನಿಪ್ಪಲ್, ತಂದುಕೊಟ್ಟಿದ್ದಾಳೆ. ಅವಳ ಮಗನಿಗೆ ಅದು ಇದ್ದರೇ ನಿದ್ದೆಯಂತೆ. ಅತ್ತೆ ಫೋನಿನಲ್ಲಿ, 'ಅದನ್ನ ಬಾಯಾಗ ಇಟ್ರ ಕೂಸು ಮೊಲಿ ಬಿಡ್ತೈತಿ, ಹೊಟ್ಟಿಗೆ ಗಾಳಿ ಹೊಕ್ಕೈತಿ, ಹಲ್ಲು ಉಬ್ಬತಾವ' ಅನ್ನುತ್ತಾರೆ. ನಮ್ಮವ್ವ, 'ನಿನಗ ಹಾಲು ಸಾಲವಲ್ದು, ಒಂದು ಹೊತ್ತು ಪುಡಿ ಹಾಲು ಹಾಕು' ಅನ್ನುತ್ತಾಳೆ. ಕೂಸಿಗೆ 4 ತಿಂಗಳಾದಾಗ ನಾನು ಶಾಲೆಯ ಕೆಲಸಕ್ಕೆ ಹೋಗಬೇಕು. ಈಗಲೇ ಇದನ್ನು ರೂಢಿ ಮಾಡಿಸಿದರೆ ಮುಂದೆ ಬಾಟಲಿ ಹಿಡಿಯುವುದು ಸುಲಭ ಆಗುತ್ತದಾ? ಕೊಡಲಾ, ಬೇಡವಾ?"

ಉತ್ತರ:

ತಂಗಿ, ಮೊದಲು ಒಂದು ಲೆಕ್ಕ ಮಾಡೋಣ. ಹುಟ್ಟಿದ ಮೊದಲ ಕೆಲವು ದಿನ ಎಲ್ಲ ಕೂಸುಗಳೂ ಸ್ವಲ್ಪ ತೂಕ ಕಳೆದುಕೊಳ್ಳುತ್ತವೆ. ಕಳೆದದ್ದು ವಾಪಸ್ ಬರಲು 10ರಿಂದ 14 ದಿನ ಬೇಕಾಗುತ್ತದೆ. ಹಾಗಾಗಿ ಮೊದಲ 10 ದಿನ ಬಿಟ್ಟು ಎಣಿಸಿದರೆ, ನಿಮ್ಮ ಮಗಳು 39 ದಿನಗಳಲ್ಲಿ 1,300 ಗ್ರಾಂ ಏರಿದ್ದಾಳೆ. ದಿನಕ್ಕೆ ಸುಮಾರು 33 ಗ್ರಾಂ ಆಯಿತು. ಈ ವಯಸ್ಸಿಗೆ ದಿನಕ್ಕೆ 20ರಿಂದ 30 ಗ್ರಾಂ ಏರಿದರೆ ಸಾಕು. ಹಾಲು ಸಾಲುತ್ತಿಲ್ಲ ಎನ್ನುವ ಮಾತಿಗೆ ತಕ್ಕಡಿಯೇ ಉತ್ತರ ಕೊಟ್ಟಿದೆ. ಜೊತೆಗೆ ದಿನಕ್ಕೆ ಆರು ಸಲವಾದರೂ ಉಚ್ಚೆ ಹೊಯ್ಯುತ್ತಿದ್ದರೆ ಪುಡಿ ಹಾಲಿನ ಮಾತನ್ನು ಇಲ್ಲಿಗೇ ಬಿಟ್ಟುಬಿಡಿ.

ನಿಮ್ಮವ್ವನ ಮೇಲೆ ಬೇಜಾರು ಮಾಡಿಕೊಳ್ಳಬೇಡಿ. ಅವರಿಗೆ ಹಾಗೆ ಅನಿಸಲು ಕಾರಣವಿದೆ. ಮೊದಲ ವಾರಗಳಲ್ಲಿ ನಿಮ್ಮ ಎದೆ ಬಿಗಿದು ಸೋರುತ್ತಿತ್ತು. ಈಗ ಮೆತ್ತಗಾಗಿದೆ. ಸಂಜೆ ಹೊತ್ತು ಇನ್ನೂ ಮೆತ್ತಗಿರುತ್ತದೆ. ಕೂಸು ಒಂದು ಕಡೆ ಬಿಟ್ಟು ಇನ್ನೊಂದು ಕಡೆ ಹುಡುಕುತ್ತದೆ, ಅಳುತ್ತದೆ. ನೋಡಿದವರಿಗೆ ಎದೆ ಬತ್ತಿತು ಅನ್ನಿಸುವುದು ಸಹಜ. ನಿಜ ಏನೆಂದರೆ, ಆರು ವಾರದ ಹೊತ್ತಿಗೆ ಎದೆಯು ಕೂಸಿಗೆ ಎಷ್ಟು ಬೇಕೋ ಅಷ್ಟಕ್ಕೆ ಹೊಂದಿಕೊಳ್ಳುತ್ತದೆ. ಬಿಗಿತ ಇಳಿಯುವುದು ಅದಕ್ಕೇ. ಸಂಜೆಯ ಹಾಲು ಪ್ರಮಾಣದಲ್ಲಿ ಸ್ವಲ್ಪ ಕಡಿಮೆ, ಜಿಡ್ಡಿನಲ್ಲಿ ಸ್ವಲ್ಪ ಜಾಸ್ತಿ. ಅದನ್ನು ಕೂಸು ಮೇಲಿಂದ ಮೇಲೆ ಸ್ವಲ್ಪ ಸ್ವಲ್ಪವಾಗಿ ಕುಡಿದು ರಾತ್ರಿಯ ಮೊದಲ ಉದ್ದನೆಯ ನಿದ್ದೆಗೆ ತಯಾರಾಗುತ್ತದೆ.

ನೀವು ಎಡದಂಡೆ ಕಾಲುವೆಯ ಊರಿನವರು. ನಮ್ಮ ಜನ ಎದೆಹಾಲನ್ನು ತುಂಗಭದ್ರೆಯ ಡ್ಯಾಮಿನ ಹಾಗೆ ತಿಳಿದುಕೊಂಡಿದ್ದಾರೆ. ಇಷ್ಟು ತುಂಬಿದೆ, ಇಷ್ಟು ಬಿಟ್ಟರೆ ಖಾಲಿ, ಕೊನೆಯ ಹೊಲಕ್ಕೆ ಮುಟ್ಟುವುದಿಲ್ಲ, ಹೀಗೆ. ಆದರೆ ಎದೆಹಾಲು ಹಳ್ಳದ ಉಸುಕಿನಲ್ಲಿ ತೋಡುವ ವರತಿಯ ಹಾಗೆ. ಮೊಗೆದಷ್ಟೂ ಬುಡದಿಂದ ಒಸರುತ್ತದೆ. ಮೊಗೆಯುವುದನ್ನು ನಿಲ್ಲಿಸಿದರೆ ಉಸುಕು ಮುಚ್ಚಿಕೊಳ್ಳುತ್ತದೆ. ನಿಪ್ಪಲ್ ವಿಷಯದಲ್ಲಿ ನಾನು ಹೇಳುವ ಎಲ್ಲ ಮಾತಿಗೂ ಇದೇ ಬುನಾದಿ.

ಕೂಸು ಚೀಪುವುದು ಹಸಿವೆಗೆ ಮಾತ್ರ ಅಲ್ಲ. ಹೊಟ್ಟೆಯೊಳಗೆ ಇದ್ದಾಗಲೇ ಬೆರಳು ಚೀಪುವ ಕೂಸುಗಳನ್ನು ಸ್ಕ್ಯಾನಿಂಗ್‌ನಲ್ಲಿ ನೋಡುತ್ತೇವೆ. ಚೀಪಿದರೆ ಅದಕ್ಕೆ ಸಮಾಧಾನ, ನೋವು ಕಡಿಮೆ, ನಿದ್ದೆ ಸಲೀಸು. ಎರಡು ಬಗೆಯ ಚೀಪುವಿಕೆಯನ್ನು ನೀವೇ ಮನೆಯಲ್ಲಿ ಗುರುತಿಸಬಹುದು. ಹಾಲು ಕುಡಿಯುವಾಗ ಕೂಸು ನಿಧಾನ, ಆಳವಾಗಿ ಎಳೆಯುತ್ತದೆ. ಸೆಕೆಂಡಿಗೆ ಸುಮಾರು ಒಂದು ಸಲ. ಗದ್ದ ಚೆನ್ನಾಗಿ ಕೆಳಗಿಳಿಯುತ್ತದೆ, ನಡುನಡುವೆ ಗುಟುಕು ನುಂಗುವ ಸಪ್ಪಳ ಕೇಳುತ್ತದೆ. ಸಮಾಧಾನಕ್ಕೆ ಚೀಪುವಾಗ ಬೇಗ ಬೇಗ, ಸೆಕೆಂಡಿಗೆ ಎರಡರಷ್ಟು, ತುಟಿಯ ತುದಿಯಲ್ಲಿ ನಡುಗಿದ ಹಾಗೆ ಇರುತ್ತದೆ. ನುಂಗುವುದು ಅಪರೂಪ. ಇವತ್ತು ಸಂಜೆ ಟಿವಿ ಬಂದ್ ಮಾಡಿ, ಹತ್ತು ನಿಮಿಷ ಕಿವಿಗೊಟ್ಟು ಕೇಳಿ. ನಿಮ್ಮ "ಕುಡಿಯುತ್ತಾಳೋ ಚೀಪುತ್ತಾಳೋ" ಪ್ರಶ್ನೆಗೆ ಅವಳೇ ಉತ್ತರ ಹೇಳುತ್ತಾಳೆ.

ಆದರೆ ಆ ಎರಡನೆಯ ಬಗೆಯ ಚೀಪುವಿಕೆ ದಂಡ ಅಂತ ತಿಳಿಯಬೇಡಿ. ತೊಟ್ಟಿನ ಮೇಲೆ ಬಾಯಿ ಇದ್ದಷ್ಟು ಹೊತ್ತೂ ಹಾಲು ಉತ್ಪತ್ತಿ ಮಾಡು ಎನ್ನುವ ಸುದ್ದಿ ನಿಮ್ಮ ಮೈಗೆ ಹೋಗುತ್ತಿರುತ್ತದೆ. ಅದೇ ಚೀಪುವಿಕೆ ರಬ್ಬರಿನ ಮೇಲೆ ಹೋದರೆ ಆ ಸುದ್ದಿ ಎಲ್ಲಿಗೂ ಮುಟ್ಟುವುದಿಲ್ಲ. ಮೊದಲ ಮೂರು-ನಾಲ್ಕು ವಾರಗಳಲ್ಲಿ ನಾವು ನಿಪ್ಪಲ್ ಬೇಡವೇ ಬೇಡ ಎಂದು ಹಟ ಹಿಡಿಯುವುದು ಈ ಕಾರಣಕ್ಕೆ.

ಈಗ ನಿಮ್ಮ ಅತ್ತೆಯ ಮಾತಿಗೆ ಬರೋಣ. ನಿಪ್ಪಲ್ ಕೊಟ್ಟರೆ ಕೂಸು ಮೊಲೆ ಬಿಡುತ್ತದೆಯಾ?

ಈ ಭಯ ಅವರೊಬ್ಬರದಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಸೇರಿ 1989ರಲ್ಲಿ ಎದೆಹಾಲಿಗಾಗಿ ಹತ್ತು ಸೂತ್ರ ಹೇಳಿದ್ದವು. ಅದರಲ್ಲಿ ಒಂಬತ್ತನೆಯದು, ಎದೆಹಾಲು ಕುಡಿಯುವ ಕೂಸಿಗೆ ಕೃತಕ ತೊಟ್ಟು ಕೊಡಲೇಬೇಡಿ ಎಂದು. 2018ರಲ್ಲಿ ಅದನ್ನು ಪರಿಷ್ಕರಿಸಿದಾಗ ಮಾತು ಬದಲಾಯಿತು. ಬಾಟಲಿ, ನಿಪ್ಪಲ್ ಬಳಸುವ ಬಗ್ಗೆ ಮತ್ತು ಅದರ ಅಪಾಯಗಳ ಬಗ್ಗೆ ತಾಯಂದಿರಿಗೆ ತಿಳಿಸಿ ಹೇಳಿ ಎಂದಾಯಿತು. ನಡುವೆ ಏನಾಯಿತು ಎಂದರೆ ಸಂಶೋಧನೆಗಳು ನಡೆದವು. ಕೆನಡಾದ ಮಾಂಟ್ರಿಯಲ್‌ನಲ್ಲಿ 281 ತಾಯಂದಿರ ಮೇಲೆ ನಡೆದ ಒಂದು ಅಧ್ಯಯನ 2001ರಲ್ಲಿ ಪ್ರಕಟವಾಯಿತು. ನಿಪ್ಪಲ್ ಕೊಡುವ ತಾಯಂದಿರು ಎದೆಹಾಲು ಬೇಗ ನಿಲ್ಲಿಸುವುದು ಕಂಡುಬಂದರೂ, ನಿಪ್ಪಲ್ಲೇ ಅದಕ್ಕೆ ಕಾರಣ ಎಂದು ಹೇಳಲಾಗದು ಎಂದು ಅದು ತೋರಿಸಿತು. ಹಾಲು ಕುಡಿಸುವುದರಲ್ಲಿ ಮೊದಲೇ ತೊಂದರೆ ಇದ್ದ ಮನೆಗಳಲ್ಲಿ ನಿಪ್ಪಲ್ ಬಳಕೆ ಜಾಸ್ತಿ ಇತ್ತು. ಮುಂದೆ ಇಂಥ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗಲೂ, ದಿನ ತುಂಬಿ ಹುಟ್ಟಿದ ಆರೋಗ್ಯವಂತ ಕೂಸು ಮತ್ತು ಎದೆಹಾಲನ್ನೇ ಕೊಡಬೇಕೆಂದು ಮನಸ್ಸು ಮಾಡಿದ ತಾಯಿ ಇದ್ದಲ್ಲಿ, ನಾಲ್ಕು ತಿಂಗಳವರೆಗೆ ದೊಡ್ಡ ವ್ಯತ್ಯಾಸ ಕಾಣಲಿಲ್ಲ.

ಅಂದರೆ ಅತ್ತೆಯ ಮಾತು ಪೂರ್ತಿ ಸುಳ್ಳಾ? ಅಲ್ಲ. ಆ ಅಧ್ಯಯನಗಳಲ್ಲಿದ್ದ ಬಹುಪಾಲು ತಾಯಂದಿರಿಗೆ ಹಾಲು ಕುಡಿಸುವುದು ಒಂದು ಹದಕ್ಕೆ ಬಂದಿತ್ತು, ಕೇಳಲು ನರ್ಸುಗಳಿದ್ದರು. ನನ್ನ ಹತ್ತಿರ ಬರುವ ಕೂಸುಗಳ ಕಥೆ ಬೇರೆ.

ಸಿಂಧನೂರಿನ ಕಡೆಯ ಒಂದು ಹಳ್ಳಿಯಿಂದ ಬಂದ ಕೂಸನ್ನು ಈಗಲೂ ನೆನೆಯುತ್ತೇನೆ. 24 ದಿನದ ಗಂಡು ಕೂಸು. ನೆಗಡಿ ಅಂತ ತೋರಿಸಲು ಕರೆತಂದಿದ್ದರು. ಅಜ್ಜಿ ಬಹಳ ಹೆಮ್ಮೆಯಿಂದ, "ನಮ್ಮ ಕೂಸು ಭಾಳ ಶ್ಯಾಣ್ಯಾ, ಅಳೂದೇ ಇಲ್ಲ" ಎಂದರು. ಬಾಯಲ್ಲಿ ನಿಪ್ಪಲ್ ಇತ್ತು. ತಕ್ಕಡಿಗೆ ಹಾಕಿದರೆ ಹುಟ್ಟಿದಾಗಿನ ತೂಕಕ್ಕಿಂತ 150 ಗ್ರಾಂ ಕಡಿಮೆ. ದಿನಕ್ಕೆ ಎಷ್ಟು ಸಲ ಕುಡಿಸುತ್ತೀರಿ ಎಂದು ಕೇಳಿದೆ. ಐದು, ಕೆಲವೊಮ್ಮೆ ಆರು. ಆ ವಯಸ್ಸಿಗೆ 24 ಗಂಟೆಯಲ್ಲಿ 8ರಿಂದ 12 ಸಲ ಕುಡಿಯಬೇಕು. ಕೂಸು ಹಸಿವೆಯಾದಾಗಲೆಲ್ಲ ತಲೆ ತಿರುಗಿಸಿ ಹುಡುಕಿದೆ, ಬಾಯಿ ತೆರೆದಿದೆ, ಮುಷ್ಟಿ ಬಾಯಿಗೆ ಒಯ್ದಿದೆ. ಪ್ರತಿ ಸಲವೂ ಯಾರೋ ಒಬ್ಬರು ಪ್ರೀತಿಯಿಂದಲೇ ನಿಪ್ಪಲ್ ಇಟ್ಟಿದ್ದಾರೆ. ಚೀಪಿ ಚೀಪಿ ದಣಿದು ಮಲಗಿದೆ. ಅಮ್ಮನ ಎದೆ ಬಿಗಿದು, ಆಮೇಲೆ ನಿಧಾನಕ್ಕೆ ಹಾಲು ಕಡಿಮೆಯಾಗಿದೆ. ನಿಪ್ಪಲ್ ತೆಗೆದು, ಎರಡು ಗಂಟೆಗೊಮ್ಮೆ ಎಬ್ಬಿಸಿ ಕುಡಿಸಿ, ಕೂಸನ್ನು ತಾಯಿಯ ಎದೆಯ ಮೇಲೆ ಮೈಗೆ ಮೈ ತಾಗಿಸಿ ಮಲಗಿಸಿದೆವು. ಹತ್ತು ದಿನಕ್ಕೆ ದಾರಿಗೆ ಬಂತು. ಆ ಮನೆಯಲ್ಲಿ ಯಾರೂ ಕೆಟ್ಟವರಿರಲಿಲ್ಲ. ಕೂಸು ಅಳಬಾರದು ಎಂದು ಎಲ್ಲರೂ ಬಯಸಿದ್ದರು, ಅಷ್ಟೇ.

ನಿಪ್ಪಲ್ಲಿನಲ್ಲಿ ನಾನು ಹೆದರುವುದು ಇದಕ್ಕೆ. ಅದು ಕೂಸಿನ ಬಾಯಿಗಿಂತ ಕೂಸಿನ ಮಾತನ್ನು ಮುಚ್ಚುತ್ತದೆ. ಅಳು ಹಸಿವೆಯ ಕೊನೆಯ ಗುರುತು. ಅದಕ್ಕಿಂತ ಮುಂಚಿನ ಗುರುತುಗಳೆಲ್ಲ ಬಾಯಿಯಲ್ಲೇ ಇರುತ್ತವೆ.

ನಿಮ್ಮ ಮಗಳ ಸ್ಥಿತಿ ಹಾಗಿಲ್ಲ. ಏಳು ವಾರ ಆಗಿದೆ, ತೂಕ ಏರಿದೆ, ಹಾಲು ನೆಲೆ ನಿಂತಿದೆ. ಹಾಗಾಗಿ "ಕೊಡಲಾ?" ಎಂದು ಕೇಳಿದರೆ, ಕೊಟ್ಟರೆ ಅನಾಹುತ ಆಗುವುದಿಲ್ಲ, ಆದರೆ ಇವತ್ತೇ ಬೇಡ ಎನ್ನುತ್ತೇನೆ. ನಿಮ್ಮ ಬಲಗಡೆಯ ತೊಟ್ಟು ಸೀಳಿದೆಯಲ್ಲ, ಮೊದಲು ಅದನ್ನು ನೋಡಬೇಕು. ಏಳನೆಯ ವಾರದಲ್ಲಿ ಹಾಲು ಕುಡಿಸಲು ನೋವಾಗಬಾರದು. ಬಾಣಂತಿ ಅಂದರೆ ಇಷ್ಟೆಲ್ಲ ಸಹಿಸಬೇಕು ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ನೋವಿಗೆ ಕಾರಣ ಇರುತ್ತದೆ, ಕಾರಣಕ್ಕೆ ಪರಿಹಾರ ಇರುತ್ತದೆ. ನಿಪ್ಪಲ್ ಇಟ್ಟು ಕೂಸನ್ನು ದೂರ ಇಟ್ಟರೆ ನೋವು ಎರಡು ದಿನ ಮರೆಯಾಗಬಹುದು, ಕಾರಣ ಹಾಗೇ ಉಳಿಯುತ್ತದೆ.

ಬಹಳ ಸಲ ಕಾರಣ ಒಂದೇ. ಕೂಸು ತೊಟ್ಟನ್ನು ಮಾತ್ರ ಕಚ್ಚಿ ಹಿಡಿದಿರುತ್ತದೆ. ಸುತ್ತಲಿನ ಕಪ್ಪು ಭಾಗವೂ ಬಾಯೊಳಗೆ ಹೋಗಬೇಕು. ನೀವು ಬೆನ್ನಿಗೆ ಆಸರೆ ಕೊಟ್ಟು ಕೂತುಕೊಳ್ಳಿ. ಕೂಸಿನ ಹೊಟ್ಟೆ ನಿಮ್ಮ ಹೊಟ್ಟೆಗೆ ತಾಗಲಿ, ಕತ್ತು ತಿರುಚಿರಬಾರದು. ಮೂಗು ತೊಟ್ಟಿನ ಎದುರಿಗೆ ಬರಲಿ. ತೊಟ್ಟನ್ನು ಮೇಲ್ದುಟಿಗೆ ಸವರಿ ಕಾಯಿರಿ. ಆಕಳಿಸುವಷ್ಟು ಬಾಯಿ ತೆರೆದಾಗ ಕೂಸನ್ನು ಎದೆಯ ಕಡೆಗೆ ತನ್ನಿ. ನೀವು ಬಾಗಿ ಎದೆಯನ್ನು ಅದರ ಬಾಯಿಗೆ ತುರುಕಬೇಡಿ. ಸರಿಯಾಗಿ ಹಿಡಿದರೆ ಗದ್ದ ಎದೆಗೆ ಒತ್ತಿರುತ್ತದೆ, ಕೆಳದುಟಿ ಹೊರಗೆ ಮಡಚಿರುತ್ತದೆ, ಕಪ್ಪು ಭಾಗ ಮೇಲುಗಡೆ ಜಾಸ್ತಿ, ಕೆಳಗೆ ಕಡಿಮೆ ಕಾಣುತ್ತದೆ. ಕೆನ್ನೆ ಗುಳಿ ಬೀಳಬಾರದು, ಟಕ್ ಟಕ್ ಸಪ್ಪಳ ಬರಬಾರದು. ತಪ್ಪಾಗಿ ಹಿಡಿದಿದ್ದರೆ ಎಳೆಯಬೇಡಿ. ನಿಮ್ಮ ಕಿರುಬೆರಳನ್ನು ಬಾಯಿಯ ಮೂಲೆಯಲ್ಲಿ ತೂರಿಸಿ ಬಿಡಿಸಿ, ಮತ್ತೆ ಹಚ್ಚಿ. ಬಲಗೈ ಬಳಸುವವರಿಗೆ ಒಂದು ಕಡೆ ಕೂಸನ್ನು ಹಿಡಿಯುವುದು ಸಲೀಸು, ಇನ್ನೊಂದು ಕಡೆ ಅಡ್ಡಾದಿಡ್ಡಿ ಆಗುತ್ತದೆ. ನಿಮಗೆ ಒಂದೇ ಕಡೆ ಸೀಳಿರುವುದು ನೋಡಿದರೆ ನನಗೆ ಇದೇ ಗುಮಾನಿ.

ಕುಡಿಸುವುದನ್ನು ಎಡಗಡೆಯಿಂದ ಶುರು ಮಾಡಿ. ಕುಡಿಸಿದ ಮೇಲೆ ನಿಮ್ಮದೇ ಹಾಲನ್ನು ಎರಡು ಹನಿ ತೊಟ್ಟಿಗೆ ಸವರಿ ಗಾಳಿಗೆ ಆರಲು ಬಿಡಿ. ಸಾಬೂನು ಹಚ್ಚಿ ತೊಳೆಯಬೇಡಿ. ಕುಡಿಸಿದ ನಂತರವೂ ಉರಿ ನಿಲ್ಲದಿದ್ದರೆ, ತೊಟ್ಟು ಗುಲಾಬಿ ಬಣ್ಣಕ್ಕೆ ಹೊಳೆಯುತ್ತಿದ್ದರೆ, ಕೂಸಿನ ಬಾಯಲ್ಲಿ ಒರೆಸಿದರೂ ಹೋಗದ ಬಿಳಿ ಮಚ್ಚೆ ಇದ್ದರೆ ಅದು ಬೂಷ್ಟಿನ (ಫಂಗಸ್) ಸೋಂಕು. ಇಬ್ಬರಿಗೂ ಒಟ್ಟಿಗೆ ಔಷಧಿ ಬೇಕು. ಎದೆ ಕೆಂಪಗಾಗಿ ಗಡ್ಡೆಕಟ್ಟಿ ಜ್ವರ ಬಂದರೆ ಅವತ್ತೇ ತೋರಿಸಿ. ಇದಕ್ಕೆಲ್ಲ ದೂರ ಓಡಬೇಕಾಗಿಲ್ಲ. ತಾಲ್ಲೂಕು ಆಸ್ಪತ್ರೆಯ ಹೆರಿಗೆ ವಾರ್ಡಿನ ನರ್ಸ್ ಹತ್ತು ನಿಮಿಷ ಪಕ್ಕ ಕೂತು ತೋರಿಸಿದರೆ ನಾನು ಬರೆದ ಇಷ್ಟೂ ಮಾತಿಗಿಂತ ಚೆನ್ನಾಗಿ ತಿಳಿಯುತ್ತದೆ. ಆಶಾ ಕಾರ್ಯಕರ್ತೆಯ 42ನೇ ದಿನದ ಕೊನೆಯ ಭೇಟಿ ಮುಗಿದಿರಬಹುದು, ಆದರೂ ಕರೆದರೆ ಬರುತ್ತಾರೆ, ಸಂಕೋಚ ಬೇಡ.

ಸಂಜೆಯ ಅಳುವಿನ ಬಗ್ಗೆಯೂ ಒಂದು ಸಮಾಧಾನದ ಮಾತು ಹೇಳಬೇಕು. ಎಲ್ಲ ದೇಶದ ಕೂಸುಗಳೂ ಸುಮಾರು ಆರನೆಯ ವಾರಕ್ಕೆ ಅತಿ ಹೆಚ್ಚು ಅಳುತ್ತವೆ. ಮೂರು-ನಾಲ್ಕು ತಿಂಗಳ ಹೊತ್ತಿಗೆ ತಾನಾಗಿಯೇ ಇಳಿಯುತ್ತದೆ. ನೀವೀಗ ಏರಿಯ ತುದಿಯಲ್ಲಿದ್ದೀರಿ. ಆ ನಾಲ್ಕು ಗಂಟೆಯನ್ನು ನೀವೊಬ್ಬರೇ ಹೊರಬಾರದು. ಕುಡಿಸಿದ ಮೇಲೆ ಅವ್ವ ಹೆಗಲಿಗೆ ಹಾಕಿಕೊಂಡು ಅಂಗಳದಲ್ಲಿ ತಿರುಗಾಡಲಿ. ಗಂಡ ಊರಿಗೆ ಬಂದಾಗ ಅಂಗಿ ಬಿಚ್ಚಿ ಕೂಸನ್ನು ಬರಿ ಎದೆಯ ಮೇಲೆ ಮಲಗಿಸಿಕೊಳ್ಳಲಿ, ಎಷ್ಟೋ ಕೂಸುಗಳು ಅಷ್ಟಕ್ಕೇ ಸುಮ್ಮನಾಗುತ್ತವೆ. ಬೆಳಿಗ್ಗೆ ಎರೆಯುವುದನ್ನು ಸಂಜೆಗೆ ಬದಲಾಯಿಸಿ ನೋಡಿ. ಎರೆದಾದ ಮೇಲೆ ಲೋಬಾನದ ಹೊಗೆ ಮಾತ್ರ ಬೇಡ, ಎಳೆಯ ಶ್ವಾಸಕ್ಕೆ ಅದು ತ್ರಾಸು. ಜೋಗುಳ, ತೊಟ್ಟಿಲು ಇದ್ದೇ ಇವೆ. ಉಗುರು ಕತ್ತರಿಸಿ ಸಾಬೂನಿನಿಂದ ತೊಳೆದ ಕಿರುಬೆರಳನ್ನು ಮೆತ್ತನೆ ಭಾಗ ಮೇಲೆ ಮಾಡಿ ಚೀಪಲು ಕೊಡಬಹುದು. ಬೆರಳಿನಲ್ಲಿ ಒಂದು ಒಳ್ಳೆಯದಿದೆ. ಅದನ್ನು ಕೊಟ್ಟವರು ಕೂಸಿನ ಪಕ್ಕದಲ್ಲೇ ಇರಬೇಕಾಗುತ್ತದೆ.

ತೊಟ್ಟು ವಾಸಿಯಾದ ಮೇಲೂ ಸಂಜೆ ಕಷ್ಟವೇ ಆದರೆ, ನಿಮಗೆ ಅರ್ಧ ಗಂಟೆ ಉಸಿರಾಡಲು ಬಿಡುವು ಬೇಕಾದರೆ, ನಾದಿನಿ ತಂದದ್ದನ್ನು ಬಳಸಿ. ತಪ್ಪು ಮಾಡುತ್ತಿದ್ದೇನೆ ಎಂಬ ಭಾವನೆ ಬೇಡ. ನಿದ್ದೆಗೆಟ್ಟು ಅಳುವ ತಾಯಿಗಿಂತ ಸ್ವಲ್ಪ ಹೊತ್ತು ನಿಪ್ಪಲ್ ಚೀಪುವ ಕೂಸು ಮೇಲು. ಆದರೆ ಕ್ರಮ ತಪ್ಪಬಾರದು. ಮೊದಲು ಹಾಲು, ಎರಡೂ ಕಡೆ. ತೇಗು ಬರಿಸಿ. ಆಮೇಲೂ ಬರೀ ಚೀಪಲು ಹುಡುಕುತ್ತಿದ್ದರೆ ಆಗ ನಿಪ್ಪಲ್. ಬೇಡ ಎಂದು ಉಗುಳಿದರೆ ಒತ್ತಾಯ ಬೇಡ. ನಿದ್ದೆ ಹತ್ತಿ ಬಾಯಿಯಿಂದ ಬಿದ್ದರೆ ಮತ್ತೆ ಇಡಬೇಡಿ. ಎಚ್ಚರವಾದಾಗ ಮೊದಲು ಎದೆಗೇ ಹಚ್ಚಿ. ನಿಪ್ಪಲ್ ಕೈಗೆ ಸಿಗುವ ಹಾಗೆ ತೊಟ್ಟಿಲಲ್ಲಿ ಬಿದ್ದಿರಬಾರದು. ನಿಮ್ಮ ಹತ್ತಿರ ಇರಲಿ, ಮನೆಗೆ ಬಂದವರೆಲ್ಲ ಕೊಡುವ ವಸ್ತು ಆಗಬಾರದು. ಶುರು ಮಾಡಿದ ವಾರ ಗೋಡೆಯ ಕ್ಯಾಲೆಂಡರಿನ ಮೇಲೆ ಎಷ್ಟು ಸಲ ಕುಡಿಸಿದಿರಿ ಎಂದು ಗೀಟು ಹಾಕಿ. 24 ಗಂಟೆಯಲ್ಲಿ ಎಂಟಕ್ಕಿಂತ ಕಡಿಮೆಯಾದರೆ ನಿಪ್ಪಲ್ ತೆಗೆದಿಡಿ.

ನಮ್ಮ ಕಡೆ ನನಗೆ ಅತಿ ಹೆಚ್ಚು ಚಿಂತೆ ಸ್ವಚ್ಛತೆಯದು. ಬೆಂಗಳೂರಿನ ಫ್ಲಾಟಿನಲ್ಲಿ ನಡೆದದ್ದು ಇಲ್ಲಿ ಹಾಗೇ ನಡೆಯುವುದಿಲ್ಲ. ನಮ್ಮ ಮನೆಗಳಲ್ಲಿ ನೀರು ಟಾಕಿಯಿಂದ, ಬೋರಿನಿಂದ ಬರುತ್ತದೆ, ಎರಡು-ಮೂರು ದಿನ ಹಂಡೆಯಲ್ಲಿ ನಿಲ್ಲುತ್ತದೆ. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ನೊಣ ಮುತ್ತುತ್ತವೆ. ಜೊಲ್ಲು ಮೆತ್ತಿದ ನಿಪ್ಪಲ್ ನೆಲಕ್ಕೆ ಬಿದ್ದರೆ ಸೆರಗಿನಿಂದ ಒರೆಸಿ ಬಾಯಿಗೆ ಇಡುವುದನ್ನು ದಿನಾ ನೋಡುತ್ತೇನೆ. ಎದೆಹಾಲು ಮಾತ್ರ ಕುಡಿಯುವ ಕೂಸಿಗೆ ಭೇದಿ ಆಗುವುದು ಬಹಳ ಕಡಿಮೆ. ಆ ರಕ್ಷಣೆಯನ್ನು ಹೀಗೆ ಕಳೆದುಕೊಳ್ಳುವುದು ನೋಡಿದರೆ ಹೊಟ್ಟೆ ಉರಿಯುತ್ತದೆ. ಕೊಡುವುದಾದರೆ ಒಂದೇ ಬಗೆಯವು ಮೂರು ಇರಲಿ. ದಿನಕ್ಕೊಮ್ಮೆ ಸಾಬೂನಿನಿಂದ ತೊಳೆದು, ಪೂರ್ತಿ ಮುಳುಗುವಷ್ಟು ನೀರಿನಲ್ಲಿ 5 ನಿಮಿಷ ಕುದಿಸಿ. ಒಳಗೆ ಸೇರಿದ ಬಿಸಿನೀರನ್ನು ಹಿಂಡಿ ತೆಗೆದು, ಆರಿದ ಮೇಲೆ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿಡಿ. ನೆಲಕ್ಕೆ ಬಿದ್ದದ್ದು ಮತ್ತೆ ಕುದಿಯುವ ತನಕ ಬಳಸಬೇಡಿ. ನಿಮ್ಮ ಬಾಯಲ್ಲಿ ಚೀಪಿ ಸ್ವಚ್ಛ ಮಾಡಬೇಡಿ, ಹಲ್ಲು ಹುಳುಕಿನ ಕೀಟಾಣು ಕೂಸಿಗೆ ದಾಟುತ್ತದೆ. ಇಷ್ಟು ಮಾಡಲು ಪುರುಸೊತ್ತಿಲ್ಲ ಅನ್ನಿಸಿದರೆ ನಿಪ್ಪಲ್ ಕೊಡಲೇಬೇಡಿ. ನನ್ನ ಸಲಹೆಯಲ್ಲಿ ಇದೊಂದಕ್ಕೆ ರಿಯಾಯಿತಿ ಇಲ್ಲ.

ಇನ್ನೊಂದು ಗೊಂದಲ ಬಿಡಿಸಬೇಕು. ನಮ್ಮ ಅಂಗಡಿಗಳಲ್ಲಿ ಬಾಟಲಿಯ ತೊಟ್ಟಿಗೂ ನಿಪ್ಪಲ್ ಅನ್ನುತ್ತಾರೆ, ಪ್ಯಾಸಿಫೈಯರ್‌ಗೂ ನಿಪ್ಪಲ್ ಅನ್ನುತ್ತಾರೆ. ಬಾಟಲಿಯ ತೊಟ್ಟಿಗೆ ಹತ್ತಿ ತುಂಬಿ, ದಾರ ಕಟ್ಟಿ ಕೂಸಿನ ಬಾಯಿಗೆ ಇಡುವ ಮನೆಗಳಿವೆ. ಇದು ಜೀವಕ್ಕೆ ಅಪಾಯ. ತೊಟ್ಟು ಕಳಚಿ ಅಥವಾ ಹತ್ತಿ ಹೊರಬಂದು ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಪ್ಯಾಸಿಫೈಯರ್ ಇಡಿಯಾಗಿ ಒಂದೇ ತುಂಡಿನದಾಗಿರಬೇಕು. ತುಟಿಯ ಹೊರಗೆ ನಿಲ್ಲುವ ಅದರ ಬಿಲ್ಲೆ ಕೂಸಿನ ಬಾಯಿಗಿಂತ ಅಗಲ ಇರಬೇಕು, ಸುಮಾರು 4 ಸೆಂಟಿಮೀಟರ್, ಅದರಲ್ಲಿ ಗಾಳಿಯಾಡಲು ತೂತು ಇರಬೇಕು. ಅಳತೆ ವಯಸ್ಸಿಗೆ ತಕ್ಕದ್ದಿರಲಿ. ದಿನಾ ಒಮ್ಮೆ ಎಳೆದು ನೋಡಿ, ಅಂಟಾಗಿದ್ದರೆ, ಬಿರುಕು ಬಿಟ್ಟಿದ್ದರೆ ಎಸೆಯಿರಿ. ಕೊರಳಿಗೆ ದಾರ ಕಟ್ಟಿ ನೇತುಹಾಕುವುದು, ತೊಟ್ಟಿಲಿಗೆ ಕಟ್ಟುವುದು ಬೇಡವೇ ಬೇಡ, ಉರುಲು ಬೀಳುತ್ತದೆ.

ಜೇನು, ಸಕ್ಕರೆ, ಬೆಲ್ಲದ ನೀರಿಗೆ ಅದ್ದಿ ಕೊಡುವ ರೂಢಿಯೂ ಇದೆ. ಜೇನು ಒಂದು ವರ್ಷದೊಳಗಿನ ಕೂಸಿಗೆ ಒಂದು ಹನಿಯೂ ಬೇಡ. ಅದರಲ್ಲಿ ಇರಬಹುದಾದ ಬೊಟುಲಿಸಮ್ ಕೀಟಾಣು ಎಳೆಯ ಕರುಳಿನಲ್ಲಿ ಬೆಳೆದು ಕೂಸನ್ನು ಲಕ್ವ ಹೊಡೆದಂತೆ ಮಾಡಬಲ್ಲದು. ಬಜೆ ತೇಯ್ದು ನೆಕ್ಕಿಸುವುದು, ಗ್ರೈಪ್ ವಾಟರ್ ಕೂಡ ಬೇಕಿಲ್ಲ. ನೀರೂ ಬೇಡ. ಎಂಥ ಬಿಸಿಲಿನಲ್ಲೂ ಆರು ತಿಂಗಳವರೆಗೆ ಎದೆಹಾಲಿನಲ್ಲೇ ಬೇಕಾದಷ್ಟು ನೀರು ಇರುತ್ತದೆ. ಬಾಯಾರಿಕೆಯಾದಾಗ ನೀರು ಕುಡಿಯಬೇಕಾದವರು ನೀವು. ಬಾಣಂತಿಗೆ ನೀರು ಕಡಿಮೆ ಕೊಡಬೇಕು ಎನ್ನುವುದನ್ನು ನಂಬಬೇಡಿ.

ಅತ್ತೆ ಹೇಳಿದ ಉಳಿದೆರಡು ಮಾತು. ಹೊಟ್ಟೆಗೆ ಗಾಳಿ ಹೋಗುವುದು ಗಟ್ಟಿಯಾಗಿ ಅಳುವಾಗಲೂ ಇದೆ, ನಿಪ್ಪಲ್ಲಿನಿಂದ ಹೊಟ್ಟೆನೋವು ಬರುತ್ತದೆ ಎನ್ನಲು ಆಧಾರ ಇಲ್ಲ. ಹಲ್ಲು ಉಬ್ಬುವುದು ನಿಜ, ಆದರೆ ಕೆಲವು ತಿಂಗಳಿನ ಬಳಕೆಯಿಂದ ಅಲ್ಲ. ಎರಡು-ಮೂರು ವರ್ಷ ದಾಟಿದರೂ ಬಾಯಲ್ಲೇ ಇದ್ದರೆ ಮುಂದಿನ ಹಲ್ಲುಗಳ ನಡುವೆ ಸಂದು ಬೀಳುತ್ತದೆ, ದವಡೆಯ ಹೊಂದಿಕೆ ಕೆಡುತ್ತದೆ. ಹೆಬ್ಬೆರಳು ಚೀಪುವ ಮಕ್ಕಳಿಗೂ ಇದೇ ಆಗುತ್ತದೆ. ಅವರು ಹೇಳದ ಒಂದನ್ನು ನಾನು ಸೇರಿಸುತ್ತೇನೆ. ಆರು ತಿಂಗಳ ನಂತರ ನಿಪ್ಪಲ್ ಬಳಸುವ ಮಕ್ಕಳಲ್ಲಿ ಕಿವಿಯ ಸೋಂಕು ಜಾಸ್ತಿ. ಅದಕ್ಕೇ ನಾನು ಆರು ತಿಂಗಳಿಗೆ ಮೇಲಿನ ಊಟ ಶುರು ಮಾಡುವಾಗಲೇ ನಿಪ್ಪಲ್ ಕಡಿಮೆ ಮಾಡುತ್ತ ಬನ್ನಿ ಎನ್ನುತ್ತೇನೆ. ಹಗಲಿನದು ಮೊದಲು ತಪ್ಪಲಿ, ಆಮೇಲೆ ರಾತ್ರಿಯದು. ಒಂದು ವರ್ಷಕ್ಕೆ ಪೂರ್ತಿ ನಿಲ್ಲಲಿ. ತಡವಾದಷ್ಟೂ ಹಟ ಬಲಿಯುತ್ತದೆ.

ನಿಮ್ಮ ನಾದಿನಿ ಹೇಳುವುದರಲ್ಲೂ ಹುರುಳಿದೆ. ಮಲಗುವ ಹೊತ್ತಿಗೆ ನಿಪ್ಪಲ್ ಬಳಸುವ ಕೂಸುಗಳಲ್ಲಿ, ನಿದ್ದೆಯಲ್ಲೇ ಕಾರಣ ಗೊತ್ತಾಗದೆ ಸಾಯುವ ಅಪಾಯ ಕಡಿಮೆ ಎಂದು ಅಧ್ಯಯನಗಳು ಹೇಳುತ್ತವೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಇದೇ ಕಾರಣಕ್ಕೆ ಅದನ್ನು ಸೂಚಿಸುತ್ತದೆ, ಎದೆಹಾಲಿನ ಕೂಸಿಗಾದರೆ ಹಾಲು ನೆಲೆ ನಿಂತ ಮೇಲೆ ಎಂದು ಸೇರಿಸುತ್ತದೆ. ಆದರೆ ಎದೆಹಾಲು ತಾನೇ ಆ ಅಪಾಯವನ್ನು ತಗ್ಗಿಸುತ್ತದೆ. ಕೂಸನ್ನು ಅಂಗಾತ ಮಲಗಿಸಿ, ತಲೆದಿಂಬು, ದಪ್ಪ ಕೌದಿ ಹತ್ತಿರ ಇಡಬೇಡಿ. ಈ ಭಯಕ್ಕೆಂದೇ ನಿಪ್ಪಲ್ ಕೊಳ್ಳಬೇಕಾಗಿಲ್ಲ.

ದಿನ ತುಂಬದೆ ಹುಟ್ಟಿದ ಕೂಸುಗಳ ಲೆಕ್ಕ ಬೇರೆ. ಮೂಗಿನ ನಳಿಕೆಯಿಂದ ಹಾಲು ಹಾಕುವಾಗ ಅವಕ್ಕೆ ಚೀಪಲು ಏನಾದರೂ ಕೊಟ್ಟರೆ ಬೇಗ ಬಾಯಿಂದ ಕುಡಿಯಲು ಕಲಿಯುತ್ತವೆ. ಅಂಥ ತಾಯಂದಿರು ಇದನ್ನು ಓದಿದೆವು ಅಂತ ಆಸ್ಪತ್ರೆಯಲ್ಲಿ ಹೇಳಿದ್ದನ್ನು ಬಿಡಬೇಡಿ.

ಒಂದು ಸಂಗತಿಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಎದೆಹಾಲು ಕುಡಿಸುತ್ತಿದ್ದರೆ ಬಸಿರಾಗುವುದಿಲ್ಲ ಎಂದು ನಂಬಿ ನಿಶ್ಚಿಂತೆಯಿಂದ ಇರುತ್ತೇವೆ ಅಲ್ವಾ? ಅದು ಕೆಲಸ ಮಾಡುವುದು ಕೂಸಿಗೆ ಆರು ತಿಂಗಳಾಗುವ ತನಕ, ಮುಟ್ಟು ಶುರುವಾಗಿರದಿದ್ದರೆ, ಎದೆಹಾಲು ಮಾತ್ರ ಕೊಡುತ್ತಿದ್ದರೆ, ಮತ್ತು ಹಗಲು 4 ಗಂಟೆ, ರಾತ್ರಿ 6 ಗಂಟೆಗಿಂತ ಹೆಚ್ಚು ಅಂತರ ಬೀಳದಿದ್ದರೆ ಮಾತ್ರ. ನಿಪ್ಪಲ್ಲಿನಿಂದ ರಾತ್ರಿಯ ಹಾಲು ತಪ್ಪತೊಡಗಿದರೆ ಆ ನಂಬಿಕೆ ಕೈಕೊಡುತ್ತದೆ. ಗಂಡನ ಮನೆಗೆ ಹೋಗುವ ಮುಂಚೆ ನರ್ಸಮ್ಮನ ಹತ್ತಿರ ಇದನ್ನು ಮಾತಾಡಿ.

ಶಾಲೆಯ ಕೆಲಸಕ್ಕೆ ನಿಪ್ಪಲ್ ರೂಢಿ ಉಪಯೋಗ ಆಗುವುದಿಲ್ಲ. ನಿಪ್ಪಲ್ ಚೀಪುವ ಕೂಸು ಬಾಟಲಿ ಹಿಡಿದೇ ಹಿಡಿಯುತ್ತದೆ ಎಂದೇನೂ ಇಲ್ಲ. ಬಾಟಲಿಯೇ ಬೇಕಾಗಿಲ್ಲ ಕೂಡ. ನಿಮ್ಮವ್ವನ ಹತ್ತಿರ ಬೆಳ್ಳಿಯ ಒಳಲೆ, ಅಂದರೆ ಕೂಸಿಗೆ ಹಾಲು ಹಾಕುವ ಕೊಕ್ಕಿನ ಪುಟ್ಟ ಬಟ್ಟಲು, ಇದ್ದರೆ ಹುಡುಕಿಸಿ. ಇಲ್ಲದಿದ್ದರೆ ಸ್ಟೀಲಿನದು ಸಿಗುತ್ತದೆ, ಔಷಧಿ ಅಂಗಡಿಯಲ್ಲಿ ಪಾಲಾಡೈ ಎಂದು ಕೇಳಿದರೂ ಕೊಡುತ್ತಾರೆ. ಸಣ್ಣ ಬಟ್ಟಲು, ಚಮಚ ಕೂಡ ಆಗುತ್ತದೆ. ಬಾಟಲಿಯ ಸಂದುಗೊಂದು ಇದರಲ್ಲಿ ಇಲ್ಲ, ಕುದಿಸುವುದು ಸುಲಭ. ಕೆಲಸಕ್ಕೆ ಸೇರುವ ಎರಡು-ಮೂರು ವಾರ ಮುಂಚೆ ಕೈಯಿಂದ ಹಾಲು ಹಿಂಡುವುದನ್ನು ಕಲಿಯಿರಿ. ಹಿಂಡಿದ ಹಾಲು ನಮ್ಮ ಬಿಸಿಲಿನಲ್ಲಿ ಹೊರಗೆ 4 ಗಂಟೆಗಿಂತ ಹೆಚ್ಚು ಬೇಡ. ಫ್ರಿಜ್ಜಿನಲ್ಲಿಟ್ಟರೆ 24 ಗಂಟೆಯೊಳಗೆ ಮುಗಿಸಿ. ಬಿಸಿ ಮಾಡಲು ಒಲೆಯ ಮೇಲೆ ಇಡದೆ, ಬಟ್ಟಲನ್ನು ಬಿಸಿನೀರಿನಲ್ಲಿ ನಿಲ್ಲಿಸಿ. ಒಳಲೆಯಿಂದ ಕುಡಿಸುವ ಕೆಲಸ ಅವ್ವನಿಗೆ ಒಪ್ಪಿಸಿ. ಪುಡಿ ಹಾಲಿನ ಮಾತು ಅವರೇ ಮರೆಯುತ್ತಾರೆ.

ಈ ನಡುವೆ ಕೂಸಿನ ಮೈ 100.4 ಡಿಗ್ರಿ ದಾಟಿ ಬಿಸಿಯಾದರೆ, ಹಸಿರು ವಾಂತಿಯಾದರೆ, ಎಬ್ಬಿಸಿದರೂ ಕುಡಿಯದೆ ಮಂಕಾದರೆ, ಉಚ್ಚೆ ಕಡಿಮೆಯಾದರೆ, ಅಥವಾ ಏನು ಮಾಡಿದರೂ ಅಳು ನಿಲ್ಲದೆ ಕಿರುಚಾಟದ ಹಾಗೆ ಆದರೆ ನಿಪ್ಪಲ್ ಇಟ್ಟು ಕಾಯಬೇಡಿ. ಕೊಪ್ಪಳದ ವೈದ್ಯಕೀಯ ಕಾಲೇಜು ಆಸ್ಪತ್ರೆ ಹತ್ತಿರ ಇದೆ, ಹೊತ್ತು ನೋಡದೆ ಹೊರಡಿ.

ಮುಂದಿನ ಲಸಿಕೆ 10 ವಾರಕ್ಕೆ, ಅಂದರೆ ಇನ್ನು ಮೂರು ವಾರಕ್ಕೆ. ಅವತ್ತು ತಾಯಿ ಕಾರ್ಡ್ ಮರೆಯಬೇಡಿ, ತೂಕ ಬರೆಸಿಕೊಳ್ಳಿ. ನಿಪ್ಪಲ್ ಶುರು ಮಾಡಿದ್ದರೆ ಅದಾದ ಒಂದು ವಾರಕ್ಕೇ ಅಂಗನವಾಡಿಯಲ್ಲಿ ಒಮ್ಮೆ ತೂಗಿಸಿ. ಲಸಿಕೆ ಚುಚ್ಚುವ ಹೊತ್ತಿಗೆ ಕೂಸನ್ನು ಎದೆಗೆ ಹಚ್ಚಿಕೊಂಡೇ ಕೂತಿರಿ, ಚುಚ್ಚಿದ ಮೇಲೂ ಬಿಡಿಸಬೇಡಿ. ಚೀಪುತ್ತಿರುವ ಕೂಸಿಗೆ ಸೂಜಿಯ ನೋವು ಕಡಿಮೆ. ನರ್ಸಮ್ಮ ಬೇಡ ಎಂದರೆ, ಡಾಕ್ಟ್ರು ಹೇಳಿದ್ದಾರೆ ಅಂತ ನನ್ನ ಹೆಸರಿನಲ್ಲೇ ಹೇಳಿ.